ಕಂಬದ ಹಿಂದಿನ ಬೆಂಚು

ನಮ್ಮ ನ್ಯಾಮೊಕೆರಿ ಚರ್ಚಿಗೆ ಕ್ಯಾಮರಾ ಬಂದ ಮರುವಾರವೇ ನಮ್ಮ ಬೆಂಚು ಹೋಯಿತು.

ಭಾನುವಾರ ಎರಡನೇ ಪೂಜೆಗೆಂದು ನಾನೂ ನನ್ನ ತಂಗಿ ಬೊಸಿಬೊರಿಯೂ ಒಳಗೆ ಕಾಲಿಟ್ಟಾಗ, ಬಲಿಪೀಠದ ಎಡಗಡೆ ಬೆಂಚಿದ್ದ ಜಾಗದಲ್ಲಿ ಮೂರು ಕಾಲಿನ ಮೇಲೆ ಕ್ಯಾಮರಾ ನಿಂತಿತ್ತು. ಪಟ್ಟಣದಿಂದ ಕರೆಸಿದ್ದ ಕ್ಯಾಮರಾದವನು ಅದರ ಸುತ್ತ ತಂತಿ ಎಳೆದುಕೊಂಡು, ಯಾರೂ ಹತ್ತಿರ ಸುಳಿಯದಂತೆ ಕುರ್ಚಿ ಅಡ್ಡ ಇಟ್ಟಿದ್ದ. ನಮ್ಮವರೆಲ್ಲ ಹಿಂದಿನ ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದರು. ಚಪ್ಪಲಿ ಹೊಲಿಯುವ ಮುದುಕ ಮಕೊರಿ ನನ್ನನ್ನು ಕಂಡವನೇ ಎರಡೂ ಅಂಗೈ ಮೇಲೆತ್ತಿ ‘ಏನಿದು?’ ಎಂದು ಕೇಳಿದ.

ಅದು ಕಿವುಡರ ಬೆಂಚು. ಬೊಸಿಬೊರಿ ಮೂರು ವರ್ಷದ ಮಗುವಾಗಿದ್ದಾಗ ಜ್ವರ ನೆತ್ತಿಗೇರಿ ಅವಳ ಕಿವಿ ಹೋಯಿತು. ಸಿಸ್ಟರುಗಳು ನಡೆಸುತ್ತಿದ್ದ ಶಾಲೆಯಲ್ಲಿ ಅವಳು ಕೈಮಾತು ಕಲಿತಳು, ರಜೆಗೆ ಬಂದಾಗ ಒಲೆಯ ಮುಂದೆ ಕೂತು ನನಗೂ ಕಲಿಸಿದಳು. ಪೂಜೆಯಲ್ಲಿ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕದ್ದುಮುಚ್ಚಿ ಕೈಯಾಡಿಸುವುದನ್ನು ಆಗಿನ ಮುದಿ ಫಾದರ್ ತೊಬಿಯಾಸ್ ನೋಡಿದರು. ಒಂದು ಭಾನುವಾರ ಪೀಠ ಇಳಿದು ಬಂದು, ‘ಹಿಂದೆ ನಿಂತು ಹೇಳಿದ್ರೆ ಇವಳೊಬ್ಬಳಿಗೇ ಆಯ್ತು. ಮುಂದೆ ಬಾರಮ್ಮ’ ಎಂದು ನನ್ನ ಕೈ ಹಿಡಿದು ಕರೆದೊಯ್ದು ನಿಲ್ಲಿಸಿ, ಬೊಸಿಬೊರಿಗೆ ಎದುರಿಗೆ ಒಂದು ಬೆಂಚು ಹಾಕಿಸಿದರು. ಸುದ್ದಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿತು. ಮಕೊರಿ ಬಂದ, ಚಹಾ ತೋಟದಲ್ಲಿ ಎಲೆ ಕೀಳುವ ಅಕ್ಕತಂಗಿಯರು ಬಂದರು, ಎಳೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗಂಡಹೆಂಡಿರಿಬ್ಬರು ಬಂದರು. ಬೆಂಚು ತುಂಬಿತು. ತೊಬಿಯಾಸ್ ಫಾದರ್ ತೀರಿಕೊಂಡ ಮೇಲೂ ಅದು ಅಲ್ಲೇ ಇತ್ತು.

ನನ್ನ ಹೆಸರು ಪೆರ್ಪೆತುವಾ ಕೆರುಬೊ. ಮಗನ ಹೆಸರು ಹಿಡಿದು ಊರಿಗೆಲ್ಲ ನಾನು ಒಸೊರೊನಮ್ಮ. ಸಂತೆಯಲ್ಲಿ ಬಾಳೆಗೊನೆ ಮಾರುತ್ತೇನೆ. ನನ್ನ ಗಂಟಲಿಗೆ ಹೆದರಿ ಪಕ್ಕದ ಅಂಗಡಿಯವರು ದೂರ ಕೂರುತ್ತಾರೆ. ಆ ದಿನ ಆ ಗಂಟಲನ್ನು ಹೇಗೋ ಹಿಡಿದಿಟ್ಟುಕೊಂಡು, ಹಳದಿ ಪಟ್ಟಿ ತೊಟ್ಟು ಜನರನ್ನು ಕೂರಿಸುತ್ತಿದ್ದ ಪಾಸ್ಕಲ್‌ನನ್ನು ಕೇಳಿದೆ.

“ಬೆಂಚೆಲ್ಲೋ ಪಾಸ್ಕಲ್?”

“ಅಲ್ಲಿದೆ ನೋಡಿ ಒಸೊರೊನಮ್ಮ, ಕಂಬದ ಹಿಂದೆ.”

“ಕಂಬದ ಹಿಂದೆ ಕೂತ್ರೆ ಪೀಠ ಕಾಣುತ್ತಾ ಅವ್ರಿಗೆ?”

“ಪೀಠ ಕಂಡು ಏನಾಗ್ಬೇಕು? ಅಲ್ಲಿ ನಡೆಯೋದನ್ನ ನೀವು ಹೇಳ್ತೀರಲ್ಲ.”

“ನನಗೆ ಕಾಣುತ್ತೇನೋ?”

“ನಿಮಗೆ ಕೇಳ್ಸುತ್ತಲ್ಲ,” ಎಂದ. ಬುದ್ಧಿವಂತ.

ಕಂಬದ ಹಿಂದೆ ಪೊರಕೆ, ಬಕೆಟ್ಟು, ಮುರಿದ ಒಂದು ಡೋಲು ಇದ್ದವು. ನಮ್ಮ ಬೆಂಚನ್ನು ಅವುಗಳ ಜೊತೆಗೆ ಒತ್ತಿ ಇಟ್ಟಿದ್ದರು. ಅಲ್ಲಿ ನಿಂತೇ ನಾನು ಪೂಜೆಯನ್ನು ಕೈಗಿಳಿಸಿದೆ. ಫಾದರ್ ರೊಟ್ಟಿಯನ್ನು ಎತ್ತಿ ಹಿಡಿದಾಗ ಬೊಸಿಬೊರಿ ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು. ಅವಳಿಗೆ ಕಂಡದ್ದು ಬಿಳಿ ಸುಣ್ಣ ಬಳಿದ ಕಂಬ. ಉಳಿದವರು ಮುಂದಿನವರ ಬೆನ್ನು ನೋಡಿ ಮಂಡಿಯೂರಿದರು, ಬೆನ್ನು ನೋಡಿ ಎದ್ದರು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಂದಿನಂತೆ ಕಾಣಿಕೆಯ ಕೋಳಿ, ಕಬ್ಬು, ಕುಂಬಳಕಾಯಿಗಳ ಹರಾಜು ನಡೆದಿತ್ತು. ಚರ್ಚಿನ ಪಾಲನಾ ಸಮಿತಿಯ ಅಧ್ಯಕ್ಷ ನ್ಯಾಮ್ವೆಯಾ ನಾಲ್ಕು ಜನರ ನಡುವೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ. ಸಿಮೆಂಟು, ತಗಡು ಮಾರುವ ಅಂಗಡಿಯವನು. ಕ್ಯಾಮರಾ ತರಿಸಿದವನೂ ಅವನೇ.

“ಅಧ್ಯಕ್ಷರೇ, ನಮ್ಮ ಬೆಂಚು ಯಾಕೆ ಎತ್ತಿಸಿದ್ರಿ?”

“ಎತ್ತಿಸಿಲ್ಲ ತಾಯಿ, ಸ್ವಲ್ಪ ಸರಿಸಿದ್ದೀವಿ.”

“ಪೊರಕೆ ಜೊತೆ ಇಟ್ಟಿದ್ದೀರಿ.”

“ನೋಡಮ್ಮ,” ಎಂದು ಸುತ್ತಲಿದ್ದವರಿಗೂ ಕೇಳುವಂತೆ ಶುರುಮಾಡಿದ. “ಹೋದ ವಾರದ ಪೂಜೆ ಪ್ರಪಂಚಕ್ಕೆಲ್ಲ ಹೋಯ್ತು. ಹೊರದೇಶದಿಂದ ನನ್ನ ತಮ್ಮ ಫೋನ್ ಮಾಡಿದ್ದ. ‘ಅಣ್ಣಾ, ಎಲ್ಲ ಚೆನ್ನಾಗಿತ್ತು, ಆದ್ರೆ ಪೀಠದ ಪಕ್ಕ ಒಬ್ಬ ಹೆಂಗಸು ಪೂಜೆ ಮುಗಿಯೋವರೆಗೂ ಸೊಳ್ಳೆ ಓಡಿಸ್ತಾ ನಿಂತಿದ್ಲಲ್ಲ, ಊರವರೆಲ್ಲ ಸೇರಿ ಅವಳಿಗೊಂದು ಸೊಳ್ಳೆಪರದೆ ಕೊಡಿಸಬಾರ್ದಾ’ ಅಂದ.”

ನಾಲ್ವರೂ ನಕ್ಕರು. ಹರಾಜು ಕೂಗುತ್ತಿದ್ದವನೂ ಕೋಳಿಯ ಕಾಲು ಹಿಡಿದುಕೊಂಡೇ ತಿರುಗಿ ನಕ್ಕ.

ಬೊಸಿಬೊರಿ ನನ್ನ ತೋಳು ಎಳೆದಳು. ‘ಏನಂದ? ಯಾಕೆ ನಗ್ತಿದ್ದಾರೆ?’

ಪೂಜೆಯ ನಡುವೆ ಫಾದರ್ ಮಾಡುವ ಬೇಸರ ಹಿಡಿಸುವ ಪ್ರಬೋಧನೆಗಳನ್ನು ನಾನು ಎಷ್ಟೋ ಸಲ ಮೊಟಕು ಮಾಡಿದ್ದೇನೆ. ಇದನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ. ಸೊಳ್ಳೆಯನ್ನೂ ಹೇಳಿದೆ, ಪರದೆಯನ್ನೂ ಹೇಳಿದೆ. ಅವಳು ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಹೊದ್ದ ಬಟ್ಟೆಯೊಳಗೆ ಅವನ್ನು ಸೇರಿಸಿಕೊಂಡವಳು ಮನೆ ಮುಟ್ಟುವವರೆಗೂ ಹೊರಗೆ ತೆಗೆಯಲಿಲ್ಲ. ನ್ಯಾಮ್ವೆಯಾನ ನಗು ನನಗೆ ಚುಚ್ಚಿತು ನಿಜ, ಆದರೆ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಆ ಬಟ್ಟೆಯೊಳಗಿನ ಕೈಗಳನ್ನು ನೋಡಿ.

ಮಂಗಳವಾರ ನಮ್ಮ ಕೇರಿಯ ಪ್ರಾರ್ಥನಾ ಕೂಟ ಯೂನೆಸಳ ಮನೆಯಲ್ಲಿತ್ತು. ವಾರಕ್ಕೊಂದು ಮನೆ, ಜಪಸರ, ವಾಚನ, ಹಾಲು ಹಾಕಿದ ಚಹಾ, ಬೇಯಿಸಿದ ಗೆಣಸು, ಆಮೇಲೆ ಊರ ಮೇಲಿನ ಮಾತು. ಜಪಸರ ಮುಗಿಯುವುದನ್ನೇ ಕಾಯುತ್ತಿದ್ದೆ. ಚಹಾ ಬರುವ ಮುಂಚೆಯೇ ನಾನು ಎಲ್ಲವನ್ನೂ ಹೊರಗೆ ಹಾಕಿದೆ.

“ಹೋಗ್ಲಿ ಬಿಡೇ,” ಎಂದಳು ಯೂನೆಸ್. ಅವಳು ನನಗಿಂತ ಹಿರಿಯಳು, ವಿಧವೆ, ಎಲ್ಲವನ್ನೂ ಹೋಗಲಿ ಬಿಡು ಎನ್ನುವವಳು. “ಎಲ್ಲಿ ಕೂತ್ರೇನು? ದೇವರಿಗೆ ಮನಸ್ಸು ಕೇಳ್ಸುತ್ತೆ.”

“ದೇವರಿಗೆ ಮನಸ್ಸು ಕೇಳೋದಾದ್ರೆ ಚರ್ಚಿಗೆ ಯಾಕಕ್ಕ ಅಷ್ಟು ದೊಡ್ಡ ಸ್ಪೀಕರು? ಕಿತ್ತು ಮನೆಗೆ ತಗೊಂಡ್ಹೋಗಿ, ಮೊಮ್ಮಕ್ಕಳು ಕುಣೀಲಿ. ಫಾದರ್ ಮನಸ್ಸಲ್ಲೇ ಪೂಜೆ ಮಾಡ್ಲಿ, ನಾವು ಮನಸ್ಸಲ್ಲೇ ಕೇಳೋಣ.”

“ಥೂ, ನಿನ್ನ ನಾಲಿಗೆ!”

“ನನ್ನ ನಾಲಿಗೆ ಯಾಕೆ ಬೈತೀರಿ? ಅದು ಸರಿಯಾಗಿದೆ. ಕೈ ಅಲ್ವಾ ನಿಮಗೆಲ್ಲ ತೊಂದರೆ?”

ಮೂಲೆಯಲ್ಲಿ ಗೆಣಸಿನ ಸಿಪ್ಪೆ ತೆಗೆಯುತ್ತಿದ್ದ ಕ್ವಂಬೊಕಾ ತಲೆಯೆತ್ತದೆ ಹೇಳಿದಳು: “ಒಂದು ಮಾತು ಹೇಳ್ಲಾ? ಬೈಬೇಡ ಮತ್ತೆ. ಕಿವುಡರಿಗೆ ಬೇಜಾರಾಗಿದೆಯೋ ಇಲ್ವೋ ಗೊತ್ತಿಲ್ಲ, ನಿನಗಂತೂ ಆಗಿದೆ. ಪ್ರತಿ ಭಾನುವಾರ ಫಾದರ್ ಪಕ್ಕ, ಎಲ್ಲರೆದುರು, ಹೊಸ ತಲೆವಸ್ತ್ರ ಕಟ್ಕೊಂಡು ನಿಲ್ಲೋಳು ನೀನು. ಈಗ ಕಂಬದ ಹಿಂದೆ ನಿಂತ್ರೆ ಯಾರು ನೋಡ್ತಾರೆ?”

ಅವಳು ನನ್ನ ಚಿಕ್ಕಂದಿನ ಗೆಳತಿ. ಅದಕ್ಕೇ ಅವಳಿಗೆ ಎಲ್ಲಿ ಇರಿಯಬೇಕೆಂದು ಗೊತ್ತು. ನಾನು ಚಹಾ ಕುಡಿಯದೆ ಎದ್ದು ಬಂದೆ. ದಾರಿಯಲ್ಲಿ ಅವಳನ್ನು ಬೈದುಕೊಂಡೆ, ಅವಳ ಗೆಣಸನ್ನೂ ಬೈದೆ. ಆದರೆ ಪೂಜೆಗೆ ಹೋಗುವ ಮುಂಚೆ ನಾನು ಕನ್ನಡಿಯ ಮುಂದೆ ನಿಲ್ಲುತ್ತಿದ್ದದ್ದು ಸುಳ್ಳಲ್ಲ. ಅದು ನಿಜವಾದರೆ ಬೆಂಚು ಎತ್ತಿದ್ದು ಸರಿಯಾಗಿಬಿಡುತ್ತದೆಯೇ? ಇಲ್ಲ. ಹಾಗೆಂದುಕೊಂಡ ಮೇಲೆ ಕಾಲಿಗೆ ಇನ್ನಷ್ಟು ಬಿರುಸು ಬಂತು.

ಗುರುವಾರ ಸಂತೆಯಿಂದ ನೇರವಾಗಿ ಫಾದರ್ ಮನೆಗೆ ಹೋದೆ. ಬೊಸಿಬೊರಿಯನ್ನೂ ಮಕೊರಿಯನ್ನೂ ಜೊತೆಗೆ ಕರೆದುಕೊಂಡೆ. ಫಾದರ್ ಕಲಿಸ್ತಸ್ ನಮ್ಮಲ್ಲಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆತ್ತಗಿನ ಮಾತು. ಮೂವರಿಗೂ ಕುರ್ಚಿ ಹಾಕಿಸಿದರು.

“ಸಮಿತಿಯ ತೀರ್ಮಾನ ಅಮ್ಮ. ನಾನೊಬ್ಬನೇ ತಿರುಗಿಸೋಕಾಗಲ್ಲ,” ಎಂದರು.

“ಸಮಿತಿಯಲ್ಲಿ ಕಿವುಡರು ಯಾರಿದ್ದಾರೆ ಫಾದರ್?”

“ಯಾರೂ ಇಲ್ಲ.”

“ಹಾಗಾದ್ರೆ ಎಲ್ಲರಿಗೂ ಕಿವಿ ಇದೆ. ಆದ್ರೂ ಕೇಳ್ಸಿಲ್ಲ.”

ಅವರು ಮುಜುಗರದಿಂದ ಕಿಟಕಿಯತ್ತ ನೋಡಿದರು. ಆಮೇಲೆ ಏನೋ ಒಳ್ಳೆಯದು ಹೊಳೆದವರಂತೆ ಮುಂದಕ್ಕೆ ಬಾಗಿದರು. “ಒಂದು ಕೆಲಸ ಮಾಡೋಣ. ಪ್ರತಿ ಬುಧವಾರ ಮಧ್ಯಾಹ್ನ ಇವರಿಗೇ ಅಂತ ಬೇರೆ ಪೂಜೆ ಇಟ್ಕೊಳ್ಳೋಣ. ನಿಧಾನವಾಗಿ, ಕ್ಯಾಮರಾ ಗಿಮರಾ ಏನೂ ಇಲ್ದೆ. ಹೇಗೆ?”

ನಾನು ಅದನ್ನು ಕೈಯಲ್ಲಿ ಹೇಳಿದೆ. ಮಕೊರಿ ನಿಧಾನವಾಗಿ ಉತ್ತರ ಕೊಟ್ಟ. ಅವನ ಬೆರಳುಗಳು ಸೂಜಿ, ಮೇಣದ ದಾರ ಹಿಡಿದು ಗಂಟುಗಟ್ಟಿದ್ದವು, ಅವನ ಮಾತು ಯಾವಾಗಲೂ ಸ್ವಲ್ಪ ತಡೆದು ತಡೆದು ಬರುತ್ತಿತ್ತು.

“ಏನಂತಾರೆ?” ಎಂದರು ಫಾದರ್.

“‘ದೇವರೊಬ್ಬನೇ ಸಾಕು ಅಂದ್ರೆ ನನ್ನ ಹಸುವಿನ ಕೊಟ್ಟಿಗೆಯಲ್ಲೂ ಸಿಗ್ತಾನೆ. ನಾನು ಅಷ್ಟು ದೂರ ನಡ್ಕೊಂಡು ಬರೋದು ಜನರ ಜೊತೆ ಕೂರೋಕೆ’ ಅಂತಾನೆ.”

ಫಾದರ್ ಮಕೊರಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿ, “ಅವರಿಗೆ ಸ್ವಲ್ಪ ಸಮಾಧಾನ ಹೇಳಿ ಅಮ್ಮ” ಎಂದರು. ಮೂರು ಜನ ಎದುರಿಗೆ ಕೂತಿದ್ದೆವು, ಅವರು ಮಾತಾಡಿದ್ದೆಲ್ಲ ನನ್ನ ಜೊತೆ ಮಾತ್ರ. ಆ ಕ್ಷಣದಲ್ಲಿ ನನಗೆ ಅದು ತಟ್ಟಲಿಲ್ಲ. ಬೊಸಿಬೊರಿಗೆ ತಟ್ಟಿತ್ತು.

ಶನಿವಾರ ಚರ್ಚು ತೊಳೆಯುವ ಸರದಿ ನಮ್ಮ ಕೇರಿಯದು. ಹೆಂಗಸರೆಲ್ಲ ಉಟ್ಟ ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ, ಬಕೆಟ್ಟು ಬಕೆಟ್ಟು ನೀರು ಸುರಿದು ನೆಲ ಉಜ್ಜುತ್ತಿದ್ದರು. ಮೇಲಿನ ಅಟ್ಟದಲ್ಲಿ ಗಾಯನ ಮಂಡಳಿಯವರು ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪಾಗಿ ಹಾಡುತ್ತಿದ್ದರು. ಬೊಸಿಬೊರಿ ಶುಕ್ರವಾರ ಒಗೆದು ಇಸ್ತ್ರಿ ಮಾಡಿದ ಪೀಠದ ಬಟ್ಟೆಗಳನ್ನು ತಂದು ಹಾಸುತ್ತಿದ್ದಳು. ಅದು ಅವಳ ವಾರದ ಕೆಲಸ, ಯಾರೂ ಕೇಳದೆ ಹನ್ನೆರಡು ತಿಂಗಳೂ ಮಾಡುವಂಥದು.

ನಾನು ಪೊರಕೆ ಬಿಸಾಕಿ ಕಂಬದ ಹಿಂದೆ ಹೋದೆ. ಬೆಂಚಿನ ಒಂದು ತುದಿ ಹಿಡಿದು ಎಳೆದೆ. ಅದು ಹಳೆಯ ಕಾಡುಮರದ್ದು, ಜಗ್ಗಲಿಲ್ಲ. ಯಾರೋ ಇನ್ನೊಂದು ತುದಿಗೆ ಕೈ ಹಾಕಿದರು. ನೋಡಿದರೆ ಕ್ವಂಬೊಕಾ.

“ಕಣ್ ಬಿಟ್ಕೊಂಡ್ ಏನ್ ನೋಡ್ತೀಯ? ಎತ್ತು,” ಎಂದಳು. “ನಾನು ಹೇಳಿದ್ದು ನಿನ್ನ ತಲೆವಸ್ತ್ರದ ವಿಷಯ. ಬೆಂಚಿನ ವಿಷಯ ಬೇರೆ.”

ಇಬ್ಬರೂ ಎಳೆದು ಅರ್ಧ ದಾರಿ ತಂದಿದ್ದೆವು. ಪಾಸ್ಕಲ್ ಓಡಿ ಬಂದ, ಅವನ ಹಿಂದೆಯೇ ನ್ಯಾಮ್ವೆಯಾ.

“ಇಡಿ ಅದನ್ನ ಕೆಳಗೆ! ಇದೇನು ನಿಮ್ಮಪ್ಪನ ಮನೆಯಾ?”

“ಹೌದು! ನಮ್ಮಪ್ಪನ ಮನೇನೇ!” ಎಂದು ಕಿರುಚಿದೆ. ಅಟ್ಟದ ಮೇಲೆ ಹಾಡು ನಿಂತಿತು. “ಈ ಗೋಡೆಯ ಕಲ್ಲು ನಮ್ಮಪ್ಪ ಹೊಳೆಯಿಂದ ತಲೆ ಮೇಲೆ ಹೊತ್ತಿದ್ದು. ನಿಮ್ಮಪ್ಪ ಆಗ ಏನ್ ಹೊತ್ತಿದ್ದ, ಹೇಳ್ತೀರಾ?”

“ಬಾಯಿ ಬಿಗಿ ಹಿಡಿ!”

“ನಿಮ್ಮ ಹೊಟ್ಟೆ ಬಿಗಿ ಹಿಡೀರಿ ಮೊದಲು!”

ಹೆಂಗಸರು ಬಾಯಿಗೆ ಹೊದ್ದ ಬಟ್ಟೆಯ ಅಂಚು ಅಡ್ಡ ಇಟ್ಟುಕೊಂಡರು. ನ್ಯಾಮ್ವೆಯಾ ಪಾಸ್ಕಲ್‌ಗೆ ಕಣ್ಸನ್ನೆ ಮಾಡಿದ. ಪಾಸ್ಕಲ್ ಬೆಂಚನ್ನು ಹಿಂದಕ್ಕೆ ದೂಡಿದ. ನಾನು ಮುಂದಕ್ಕೆ ಎಳೆದೆ. ಒದ್ದೆ ನೆಲದ ಮೇಲೆ ಅದು ಕರ್ರೆಂದು ಅತ್ತಿತ್ತ ಜಾರಿತು. ಆಗ ನನ್ನ ಹೆಗಲಿಗೆ ಬಲವಾದ ಒಂದು ಪೆಟ್ಟು ಬಿತ್ತು. ತಿರುಗಿದರೆ ಬೊಸಿಬೊರಿ.

‘ಬಿಡು,’ ಎಂದಳು.

‘ಏನು ಬಿಡೋದು? ಇವನು—’

‘ಬಿಡು ಅಂದೆ. ಪೂರಾ ವಾರ ನೀನೇ ಕಿರುಚಿದ್ದೀಯ. ಕೂಟದಲ್ಲಿ ನೀನು, ಫಾದರ್ ಹತ್ತಿರ ನೀನು, ಇಲ್ಲಿ ನೀನು. ನಿನ್ನ ಬೆಂಚಾ ಅದು?’

ಅವಳ ಕೈಗಳು ಅಷ್ಟು ಜೋರಾಗಿ ಆಡುವುದನ್ನು ನಾನು ನೋಡಿರಲಿಲ್ಲ. ಒಂದು ಬೆರಳು ನನ್ನ ಎದೆಗೆ ತಾಗಿ ನೋಯಿತು. ‘ನಾಳೆ ನೀನು ಕೈ ಎತ್ತಬೇಡ. ಬಾಯೂ ಬಿಡಬೇಡ. ಎಲ್ಲಾದ್ರೂ ದೂರ ಕೂರು. ನಾವು ನೋಡ್ಕೋತೀವಿ.’

‘ಏನ್ ಮಾಡ್ತೀರಿ?’

‘ನಿನಗೆ ಯಾಕೆ?’

ಆ ದಿನ ನನಗೆ ನ್ಯಾಮ್ವೆಯಾನ ಮೇಲಿದ್ದ ಸಿಟ್ಟಿಗಿಂತ ಅವಳ ಮೇಲೇ ಹೆಚ್ಚು ಸಿಟ್ಟು ಬಂತು. ಇವಳಿಗಾಗಿ ಊರೆಲ್ಲ ಜಗಳ ಕಟ್ಟಿಕೊಂಡವಳು ನಾನು. ರಾತ್ರಿ ಊಟಕ್ಕೆ ಮುದ್ದೆ ತಿರುವಿದಾಗ ಕೋಲು ಮುರಿಯಿತು.

ಭಾನುವಾರ ನಾನು ಅಟ್ಟದ ಕೆಳಗೆ, ಬಾಗಿಲ ಪಕ್ಕದಲ್ಲಿ, ಕ್ವಂಬೊಕಾಳ ಜೊತೆ ಕೂತೆ. ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ, ಏಕೆಂದರೆ ಹಾಡು ಶುರುವಾದ ಕೂಡಲೇ ಅವು ತಾವಾಗಿಯೇ ಏಳುತ್ತಿದ್ದವು. ಕಿವುಡರು ಬಂದರು. ಅವರು ಕಂಬದ ಹಿಂದಕ್ಕೆ ಹೋಗಲಿಲ್ಲ. ನಡುದಾರಿಯ ಎರಡೂ ಕಡೆಯ ಮುಂದಿನ ಸಾಲುಗಳಲ್ಲಿ ಒಬ್ಬೊಬ್ಬರಾಗಿ, ಇಲ್ಲೊಬ್ಬರು ಅಲ್ಲೊಬ್ಬರು ಕೂತರು. ಬೊಸಿಬೊರಿ ಬೆಳಿಗ್ಗೆಯೇ ಬಂದು ನ್ಯಾಮ್ವೆಯಾನ ಕುಟುಂಬದ ಸರಿಯಾಗಿ ಮುಂದೆ ಜಾಗ ಹಿಡಿದಿದ್ದಳು.

ಶುಭಸಂದೇಶ ಓದುವಾಗ ಎಲ್ಲರೂ ನಿಂತರು. ಪ್ರಬೋಧನೆಗೆ ಎಲ್ಲರೂ ಕೂತರು. ಅವರು ಕೂರಲಿಲ್ಲ.

ಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಫಾದರ್ ಮಾತು ಶುರುಮಾಡಿದರು. ಹಿಂದಿನವರು ಕತ್ತು ಅತ್ತಿತ್ತ ವಾಲಿಸಿದರು. ಯಾರೋ ಪಿಸುಗುಟ್ಟಿದರು, ಆಮೇಲೆ ಸ್ವರ ಏರಿತು.

“ಏಯ್, ಕೂತ್ಕೊಳ್ರೀ!”

“ಮುಂದಿನವ್ರೇ, ಕಾಣ್ತಿಲ್ಲ!”

“ಅವ್ರಿಗೆ ಕೇಳ್ಸಲ್ಲ ಕಣಯ್ಯ.”

“ಇನ್ನೂ ಜೋರಾಗಿ ಹೇಳು ಮತ್ತೆ!”

ಕಿವುಡರಿಗೆ ಕೂರಿ ಕೂರಿ ಎಂದು ಇಡೀ ಚರ್ಚು ಕೂಗುತ್ತಿತ್ತು. ಕ್ವಂಬೊಕಾಳ ಹೆಗಲು ನಗುವಿಗೆ ಕುಲುಕುತ್ತಿತ್ತು. ನನಗೆ ನಗು ಬರಲಿಲ್ಲ. ಫಾದರ್ ಮೈಕಿನಲ್ಲಿ, “ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ” ಎಂದರು. ಮಕೊರಿ ಅವರನ್ನೇ ನೋಡುತ್ತ ನಿಂತಿದ್ದ. ಫಾದರ್ ಕಣ್ಣು ಸಾಲುಗಳ ಮೇಲೆ ಹಾದು ನನ್ನನ್ನು ಹುಡುಕಿತು.

“ಒಸೊರೊನಮ್ಮ, ಸ್ವಲ್ಪ ಅವರಿಗೆ ಹೇಳಿ.”

ಎಲ್ಲರ ತಲೆ ನನ್ನತ್ತ ತಿರುಗಿತು. ನಾನು ಎದ್ದು ನಿಂತೆ. “ನನಗೆ ಸುಮ್ನಿರು ಅಂದಿದ್ದಾರೆ ಫಾದರ್,” ಎಂದೆ. “ನೀವೇ ಹೇಳಿ.”

ನಾನು ಕೂತೆ. ಆಗ ಪಾಸ್ಕಲ್ ಸಾಲಿನೊಳಗೆ ನುಗ್ಗಿ ಮಕೊರಿಯ ತೋಳಿಗೆ ಕೈಹಾಕಿ ಕೆಳಕ್ಕೆ ಎಳೆದ. ಮುದುಕ ಆಯ ತಪ್ಪಿ ಬೆಂಚಿನ ಅಂಚಿಗೆ ಮೊಣಕಾಲು ಬಡಿದುಕೊಂಡ.

ಬೊಸಿಬೊರಿ ಕೂಗಿದಳು.

ಅವಳಿಗೆ ಧ್ವನಿ ಇದೆ. ಚಿಕ್ಕಂದಿನಲ್ಲಿ ಅದನ್ನು ಕೇಳಿ ಓರಗೆಯ ಮಕ್ಕಳು ಅಣಕಿಸುತ್ತಿದ್ದರು. ಅವಳಿಗೆ ಅಣಕ ಕೇಳಿಸದಿದ್ದರೂ ಮುಖಗಳು ಕಂಡವು. ಅಂದಿನಿಂದ ಮನೆಯ ಹೊರಗೆ ಅವಳು ಗಂಟಲಿನಿಂದ ಒಂದು ಸದ್ದನ್ನೂ ಹೊರಡಿಸಿರಲಿಲ್ಲ, ಹೆರಿಗೆಯಲ್ಲಿ ಕೂಡ ಬಟ್ಟೆ ಕಚ್ಚಿ ಹಿಡಿದಿದ್ದಳು. ಈಗ ಆ ಧ್ವನಿ ಎದೆಯ ತಳದಿಂದ ಬಂತು. ಅದರಲ್ಲಿ ಮಾತಿಲ್ಲ, ಏರಿಳಿತವಿಲ್ಲ. ತಗಡಿನ ಚಾವಣಿಗೆ ಬಡಿದು ಹಿಂದಿರುಗಿತು. ಮುಗಿಯಿತು ಎನ್ನುವಷ್ಟರಲ್ಲಿ ಮಕೊರಿ ಶುರುಮಾಡಿದ, ಚಹಾ ತೋಟದ ಅಕ್ಕತಂಗಿಯರು ಸೇರಿದರು, ಎಲ್ಲರೂ ಸೇರಿದರು. ಕೂಸುಗಳು ಅಳತೊಡಗಿದವು. ಪಾಸ್ಕಲ್ ಕೈ ಬಿಟ್ಟು ಹಿಂದೆ ಸರಿದ. ನ್ಯಾಮ್ವೆಯಾ ಎದ್ದು ಕ್ಯಾಮರಾದವನತ್ತ, “ಆರಿಸು! ಆರಿಸೋ ಅದನ್ನ!” ಎಂದು ಕೈ ಬೀಸುತ್ತಿದ್ದ. ಕ್ಯಾಮರಾದವನು ಆರಿಸಿದ.

ಅವರಾಗಿಯೇ ನಿಲ್ಲಿಸಿದ ಮೇಲೂ ಕೂಸುಗಳು ಅಳುತ್ತಲೇ ಇದ್ದವು. ಫಾದರ್ ಪೀಠ ಇಳಿದು ಬಂದು ಬೊಸಿಬೊರಿಯ ಎದುರು ನಿಂತರು. ಅವರ ಕೈಗಳು ಎರಡೂ ಪಕ್ಕಕ್ಕೆ ಸುಮ್ಮನೆ ಜೋತುಬಿದ್ದಿದ್ದವು. ಬೊಸಿಬೊರಿ ಅವರನ್ನು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲಿಸಿ, ಆಮೇಲೆ ನನ್ನತ್ತ ತಿರುಗಿ ಬಾ ಎಂದು ತಲೆಯಾಡಿಸಿದಳು.

‘ನಾನು ಹೇಳ್ತೀನಿ. ನೀನು ಜೋರಾಗಿ ಹೇಳು. ಸೇರಿಸಬೇಡ, ಬಿಡಬೇಡ.’

ಇಷ್ಟು ವರ್ಷ ಪೀಠದ ಮಾತನ್ನು ಕಿವುಡರಿಗೆ ಮುಟ್ಟಿಸಿದ್ದೆ. ಕಿವುಡರ ಮಾತನ್ನು ಉಳಿದವರಿಗೆ ಮುಟ್ಟಿಸು ಎಂದು ಚರ್ಚಿನೊಳಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಅವಳ ಕೈ ಆಡಿತು. ನನ್ನ ಸಂತೆಯ ಗಂಟಲು ಹೇಳಿತು:

“ನೀವೆಲ್ಲ ಕಾಣ್ತಿಲ್ಲ, ಕಾಣ್ತಿಲ್ಲ ಅಂತ ಕೂಗಿದ್ರಿ. ನನಗೆ ಕೇಳಿಸ್ಲಿಲ್ಲ, ಹಿಂದೆ ತಿರುಗಿದಾಗ ನಿಮ್ಮ ಬಾಯಿ ನೋಡಿ ಗೊತ್ತಾಯ್ತು. ಒಂದು ಪ್ರಬೋಧನೆ ಕಾಣ್ದೇ ಇದ್ದಿದ್ದಕ್ಕೆ ಇಷ್ಟು ಸಿಟ್ಟು ಬಂತಾ ನಿಮಗೆ?

“ಆ ಪೀಠದ ಬಟ್ಟೆ ಒಗೆಯೋ ಕೈ ಇದು. ಒಗೆಯುವಾಗ ಚೆನ್ನಾಗಿತ್ತು, ಮಾತಾಡೋವಾಗ ಸೊಳ್ಳೆ ಓಡಿಸ್ದಂಗೆ ಕಾಣುತ್ತಾ? ಹೊರದೇಶದಲ್ಲಿ ಕೂತೋರಿಗೆ ನಾಚಿಕೆ ಆಗುತ್ತೆ ಅಂತ ನಮ್ಮನ್ನ ಪೊರಕೆ ಹತ್ತಿರ ಕೂರಿಸಿದ್ರಿ. ನಾವು ಇಲ್ಲೇ ಇರೋರು. ನಿಮ್ಮ ಮನೆ ಸಾವಿಗೆ ಬರೋರು, ನಿಮ್ಮ ಚಪ್ಪಲಿ ಹೊಲಿಯೋರು.

“ಫಾದರ್, ನಿಮ್ಮ ಮನೆಗೆ ಬಂದಾಗ ನೀವು ನನ್ನ ಮುಖ ನೋಡ್ಲಿಲ್ಲ. ನನ್ನಕ್ಕನ್ನ ನೋಡಿ, ಅವರಿಗೆ ಹೇಳಿ, ಅವರಿಗೆ ಹೇಳಿ ಅಂದ್ರಿ. ಅವರು ಅಂದ್ರೆ ಯಾರು? ನನಗೆ ಹೆಸರಿದೆ. ಜ್ಞಾನಸ್ನಾನದಲ್ಲಿ ಇದೇ ಚರ್ಚಲ್ಲಿ ಇಟ್ಟಿದ್ದು.”

ಅವಳು ಚಿಟಿಕೆ ಹೊಡೆದು ಮುಂದುವರಿಸಿದಳು. ಅವಳ ಮುಂದಿನ ಮಾತನ್ನು ನಾನು ಬಾಯಿಗೆ ತರದೆ ತಡೆದೆ.

‘ಹೇಳು,’ ಎಂದಳು.

“ಮತ್ತೆ... ನನ್ನಕ್ಕನೂ ಕಡಿಮೆ ಇಲ್ಲ. ಫಾದರ್ ಪ್ರಬೋಧನೆಯಲ್ಲಿ ಅರ್ಧ ನುಂಗಿಹಾಕ್ತಾಳೆ. ಫಾದರ್ ಬಾಯಿ ಇನ್ನೂ ಆಡ್ತಿರುತ್ತೆ, ಇವಳ ಕೈ ಆಗಲೇ ಮುಗಿದಿರುತ್ತೆ. ನಮಗೆ ಗೊತ್ತಾಗಲ್ಲ ಅಂದ್ಕೊಂಡಿದ್ದಾಳೆ.”

ಅದನ್ನು ನನ್ನ ಬಾಯಿಂದಲೇ, ಇಡೀ ಊರಿನೆದುರು ಹೇಳಬೇಕಾಯಿತು. ಯಾರೋ ನಕ್ಕರು, ತಕ್ಷಣ ನುಂಗಿಕೊಂಡರು.

ಬೊಸಿಬೊರಿ ಕೂತಳು. ಉಳಿದವರೂ ಕೂತರು. ಫಾದರ್ ಪೀಠಕ್ಕೆ ಹಿಂದಿರುಗಿ, ಪ್ರಬೋಧನೆಯನ್ನು ಅಲ್ಲಿಗೇ ಬಿಟ್ಟು ಪೂಜೆ ಮುಂದುವರಿಸಿದರು. ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ನ್ಯಾಮ್ವೆಯಾನ ಹೆಂಡತಿ ಮುಂದಕ್ಕೆ ಬಾಗಿ ಬೊಸಿಬೊರಿಯ ಕೈ ಹಿಡಿದಳು. ನ್ಯಾಮ್ವೆಯಾ ಹಾಡಿನ ಪುಸ್ತಕದ ಹಾಳೆ ತಿರುವುತ್ತಿದ್ದ.

ಆ ವಾರವೇ ಬೆಂಚು ಹಳೆಯ ಜಾಗಕ್ಕೆ ಬಂತು. ಕ್ಯಾಮರಾ ಅಟ್ಟಕ್ಕೆ ಹೋಯಿತು. ಏಕೆಂದು ಪ್ರಕಟಣೆಯಲ್ಲಿ ಓದಿದರು: ‘ಮೇಲಿನಿಂದ ಚಿತ್ರ ಚೆನ್ನಾಗಿ ಬರುವುದರಿಂದ.’ ತಪ್ಪಾಯಿತು ಎಂದು ಒಂದು ಪದವಿಲ್ಲ. ಬೆಂಚು ಹೋದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅದು ಬಂದಾಗ ಬಂತು ನನಗೆ. ನ್ಯಾಮ್ವೆಯಾ ಅಂದಿನಿಂದ ಮೊದಲನೇ ಪೂಜೆಗೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕರೆ ನಾನು ಮುಖ ತಿರುಗಿಸುತ್ತೇನೆ, ಅವನೂ ತಿರುಗಿಸುತ್ತಾನೆ. ಕಿವುಡರು ತಮ್ಮೊಳಗೇ ಸೇರಿ, ಶಾಲೆಯಲ್ಲಿ ಕಲಿಸುವ ಕೆಮುಂಟೊ ಎಂಬ ಹುಡುಗಿಯನ್ನು ವಾರ ಬಿಟ್ಟು ವಾರ ಬರಲು ಕರೆದರು. ನನ್ನನ್ನು ಕೇಳಲಿಲ್ಲ, ತಿಳಿಸಿದರು. ಅವಳು ಪ್ರಬೋಧನೆಯನ್ನು ಪೂರ್ತಿ ಹೇಳುತ್ತಾಳಂತೆ.

ಮುಂದಿನ ಮಂಗಳವಾರ ಕೂಟ ನಮ್ಮ ಮನೆಯಲ್ಲಿತ್ತು. ಫಾದರ್ ಕಲಿಸ್ತಸ್ ಹೇಳದೆ ಕೇಳದೆ ಬಂದರು. ಜಪಸರ ಮುಗಿದ ಮೇಲೆ ಎಲ್ಲರೆದುರು ಎದ್ದು, “ಒಸೊರೊನಮ್ಮ, ನನ್ನಿಂದ ತಪ್ಪಾಯ್ತು. ಕ್ಷಮಿಸಬೇಕು” ಎಂದರು. 

ಯೂನೆಸ್ ಕಣ್ಣೊರೆಸಿಕೊಂಡಳು. ನನಗೆ ಮೈ ಉರಿಯಿತು.

“ನನ್ನನ್ನ ಯಾಕೆ ಕೇಳ್ತೀರಿ ಫಾದರ್? ಅವಳ ಮನೆ ಮೇಲ್ಗಡೆ ಇದೆ. ಜೋಳದ ಹೊಲದಲ್ಲಿದ್ದಾಳೆ.”

“ನೀವೂ ಬರ್ತೀರಾ ಜೊತೆಗೆ?”

“ನಾನು ಬರಲ್ಲ.”

ಅವರು ಒಬ್ಬರೇ ಗುಡ್ಡ ಹತ್ತಿದರು. ಬಿಳಿ ನಿಲುವಂಗಿಯ ಅಂಚಿಗೆ ಕೆಂಪು ಮಣ್ಣು ಮೆತ್ತಿಕೊಳ್ಳುವುದು ನಮ್ಮ ಅಂಗಳದಿಂದ ಕಾಣುತ್ತಿತ್ತು. ಚಹಾದ ಲೋಟ ಹಿಡಿದುಕೊಂಡು ನಾವೆಲ್ಲ ಹೊರಗೆ ಬಂದು ನಿಂತೆವು, ನಾಚಿಕೆಯಿಲ್ಲದೆ. ಬೊಸಿಬೊರಿ ಅವರನ್ನು ನೋಡಿದಳು. ಗುದ್ದಲಿ ನಿಲ್ಲಿಸಲಿಲ್ಲ. ಹಿಡಿದ ಸಾಲನ್ನು ಕೊನೆಯವರೆಗೂ ಕೆದಕಿ ಮುಗಿಸಿ, ಗುದ್ದಲಿಯ ಮಣ್ಣು ಕಲ್ಲಿಗೆ ಬಡಿದು, ಆಮೇಲೆ ಬದುವಿಗೆ ಬಂದಳು. ಫಾದರ್ ಕೈಗಳು ಗಾಳಿಯಲ್ಲಿ ಏನೋ ಮಾಡಿದವು, ನಿಂತವು, ಮತ್ತೆ ಮಾಡಿದವು. ಅವಳು ಅವರ ಬೆರಳುಗಳನ್ನು ಹಿಡಿದು ಸರಿಪಡಿಸಿದಳು. ಅಷ್ಟು ದೂರದಿಂದ ನನಗೆ ಒಂದು ಪದವೂ ತಿಳಿಯಲಿಲ್ಲ.

ಸಂಜೆ ಅವಳನ್ನು ಕೇಳಿದೆ. ‘ಏನಂದ್ರು?’

‘ನನಗೆ ಹೇಳಿದ್ದು,’ ಎಂದಳು.

‘ನೀನೇನಂದೆ? ಕ್ಷಮಿಸಿದ್ಯಾ?’

‘ಅವರಿಗೆ ಹೇಳಿದ್ದೀನಿ.’

ಎಷ್ಟು ಪೀಡಿಸಿದರೂ ಅಷ್ಟೇ. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದರಿಂದ ಏನೂ ಆಗಲಿಲ್ಲ.